ವೋಚೋದ ಹಿಂದಿನ ಸೀಟು

ಕ್ವಾತೆಪೆಕ್ ಗುಡ್ಡಕ್ಕೆ ಬಂದು ಎಲೆಯುತೇರಿಯೊ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ತೇಯೊ ಎಂದು ಕೇಳಬೇಕು. ಆಗ ಪಲ್ಯಕ್ಕೆ ಕಳ್ಳಿಯೆಲೆ ಮಾರುವವಳಿಂದ ಹಿಡಿದು ಚರ್ಚಿನ ಗಂಟೆ ಹೊಡೆಯುವವನವರೆಗೆ ಎಲ್ಲರೂ ಕೈ ತೋರಿಸುತ್ತಾರೆ: ಅಗೋ, ಆ ಇಳಿಜಾರಿನಲ್ಲಿ ಬರುತ್ತಿದೆಯಲ್ಲ, ಬೆನ್ನು ಗೂನಾದ ಪುಟ್ಟ ಕಾರು, ಅದರೊಳಗೆ. ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಪಟಪಟ ಕಿವಿಗೆ ಬಿದ್ದಿರುತ್ತದೆ. ಇಲ್ಲಿಯವರು ಅದನ್ನು ವೋಚೋ ಎನ್ನುತ್ತಾರೆ. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ರೇಡಿಯೇಟರ್ ಇಲ್ಲವೇ ಇಲ್ಲ, ಹಾಗಾಗಿ ನೀರು ಕುದಿದು ಏರಿನ ಮಧ್ಯೆ ಕೈಕೊಡುವ ತಾಪತ್ರಯವೂ ಇಲ್ಲ. ಈ ಗುಡ್ಡದ ಓಣಿಗಳನ್ನು ಹತ್ತಬಲ್ಲ ಬಾಡಿಗೆ ಗಾಡಿ ಇದೊಂದೇ ಎಂದು ಇಡೀ ಊರು ನಂಬಿದ ಕಾಲವೊಂದಿತ್ತು. ತೇಯೊ ಇನ್ನೂ ಆ ಕಾಲದಲ್ಲೇ ಇದ್ದ.

ಬಾಡಿಗೆ ವೋಚೋಗಳಲ್ಲಿ ಡ್ರೈವರ್ ಪಕ್ಕದ ಸೀಟನ್ನು ಕಿತ್ತು ಹಾಕಿರುತ್ತಾರೆ. ಹತ್ತಿದವರು ನೇರ ಹಿಂದಿನ ಸೀಟಿಗೆ ಹೋಗಿ ಕೂರಬೇಕು. ಬಾಗಿಲು ಹಾಕುವ ಉಸಾಬರಿ ಅವರಿಗಿಲ್ಲ. ಬಾಗಿಲಿಗೆ ಕಟ್ಟಿದ ಹಗ್ಗವನ್ನು ಡ್ರೈವರೇ ಕೂತಲ್ಲಿಂದ ಎಳೆಯುತ್ತಾನೆ. ಉಳಿದವರು ಅಂಗಡಿಯಿಂದ ತಂದ ನೈಲಾನ್ ಹಗ್ಗ ಕಟ್ಟುತ್ತಾರೆ. ತೇಯೊನ ಹಗ್ಗ ಮಾತ್ರ ಅವನ ಹೆಂಡತಿ ಚೋನಾಳ ಹಳೆಯ ಶಾಲನ್ನು ಸೀಳಿ ಹೆಣೆದದ್ದು. ಆ ಶಾಲಿಗೊಂದು ಕಥೆಯಿದೆ.

ಅವನ ಮಗಳು ಇಮೆಲ್ದಾಗೆ ಹೆರಿಗೆ ನೋವು ಬಂದ ದಿನ ಗುಡ್ಡದ ತುಂಬ ಮಳೆ. ತೇಯೊ ಅವಳನ್ನೂ ಚೋನಾಳನ್ನೂ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟ. ಶಿಲುಬೆ ತಿರುವು ಎಂದು ಕರೆಯುವ ಕಡಿದಾದ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಚೋನಾ, "ನಿಲ್ಸು! ನಿಲ್ಸೋ ಮಾರಾಯ! ಬಂದೇ ಬಿಡ್ತು!" ಎಂದು ಕಿರುಚಿದಳು. ನಿಲ್ಲಿಸಿದ. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಮಳೆಯಲ್ಲಿ ನೆನೆಯುತ್ತ ನಿಂತ. ಒಳಗಿನಿಂದ ಬೆಕ್ಕಿನ ಮರಿಯಂಥ ಒಂದು ಸದ್ದು ಕೇಳಿತು. ಹಾಗೆ ಹುಟ್ಟಿದವಳು ಯಾರೆತ್ಸಿ. ಅವಳನ್ನು ಸುತ್ತಿದ ಶಾಲು ಎಷ್ಟು ಒಗೆದರೂ ಬೆಳ್ಳಗಾಗಲಿಲ್ಲ, ಎಸೆಯಲು ಚೋನಾಗೆ ಮನಸ್ಸು ಬರಲಿಲ್ಲ, ಕೊನೆಗೆ ಬಾಗಿಲಿನ ಹಗ್ಗವಾಯಿತು. ಆಮೇಲೆ ಎಂಜಿನ್ನನ್ನು ಬಿಚ್ಚಿ ಕಟ್ಟಿದ್ದಾಗಿದೆ, ನೆಲದ ತಗಡು ತುಕ್ಕು ಹಿಡಿದು ಬದಲಾಗಿದೆ, ಆದರೆ ಹಿಂದಿನ ಸೀಟಿಗೆ ತೇಯೊ ಯಾರನ್ನೂ ಕೈ ಹಚ್ಚಗೊಡಲಿಲ್ಲ.

"ಇಲ್ಲೇ ಹುಟ್ದೋಳು, ಹದಿನೈದು ತುಂಬಿದ ದಿನ ಇದ್ರಲ್ಲೇ ಚರ್ಚಿಗೆ ಹೋಗ್ತಾಳೆ," ಎಂದು ಅವನು ಹಿಂದೆ ಕೂತವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ಹೌದೌದು ಎನ್ನುತ್ತಿದ್ದರು. ಪುಟ್ಟ ಯಾರೆತ್ಸಿಯೂ ಹೌದೆನ್ನುತ್ತಿದ್ದಳು. ಇಲ್ಲಿ ಹುಡುಗಿಗೆ ಹದಿನೈದು ತುಂಬುವುದೆಂದರೆ ಸಣ್ಣ ಮದುವೆಯೇ ಸರಿ. ರಾಣಿಯಂತೆ ಅಲಂಕಾರ ಮಾಡಿಕೊಂಡು ತನ್ನ ಮನೆಯ ಬಾಗಿಲಿನಿಂದ ಹೊರಟು ಚರ್ಚಿಗೆ ಹೋಗಬೇಕು, ಮನೆಮಂದಿ ಹಿಂದೆ ಬರಬೇಕು. ಆ ಸವಾರಿ ತನ್ನದು ಎಂದು ತೇಯೊ ತನ್ನಷ್ಟಕ್ಕೆ ತಾನೇ ಬರೆದುಕೊಂಡುಬಿಟ್ಟಿದ್ದ. ಅವನ ಬದುಕಿನಲ್ಲಿ ಅವನು ಬೇರೇನನ್ನೂ ಇಷ್ಟು ಆಸೆಪಟ್ಟು ಬಯಸಿದವನಲ್ಲ.

ಹಬ್ಬದ ವರ್ಷ ಯಾರೆತ್ಸಿ ಬಟ್ಟೆ ಆರಿಸಿ ಬಂದು, "ತಾತಾ, ನವಿಲುನೀಲಿ! ಕೆಳಗಡೆ ಇಷ್ಟಗಲ!" ಎಂದು ಎರಡೂ ಕೈ ಚಾಚಿ ತೋರಿಸಿದಳು. ತೇಯೊ ಬಣ್ಣವನ್ನು ಮಾತ್ರ ಕೇಳಿಸಿಕೊಂಡ. ಎರಡು ದಿನ ಬಾಡಿಗೆ ಬಿಟ್ಟು ಇಡೀ ಕಾರಿಗೆ ನವಿಲುನೀಲಿ ಹೊಡೆಸಿದ. ಸ್ಟ್ಯಾಂಡಿನವರು ಬಿಡುತ್ತಾರೆಯೇ? "ಏನ್ ದೋನ್ ತೇಯೊ, ಗಾಡಿಗೆ ಗಂಡು ನೋಡಿದ್ರಾ?" ಎಂದು, ಹಿರಿಯರ ಹೆಸರಿಗೆ ಹಚ್ಚುವ 'ದೋನ್' ಗೌರವವನ್ನೂ ಬಿಡದೆ ಕೆಣಕಿದರು. ತೇಯೊ ಹಲ್ಲು ಕಿಸಿದನೇ ಹೊರತು ಬಾಯಿ ಬಿಡಲಿಲ್ಲ. ಹೇಳುವುದೇನಿದೆ? ಎಲ್ಲರಿಗೂ ಗೊತ್ತಿರುವ ವಿಷಯ.

ಎಡವಟ್ಟಾದದ್ದು ಇಲ್ಲಿಯೇ. ಇಂಥ ಹಬ್ಬವನ್ನು ಇಲ್ಲಿ ಯಾರೂ ಒಂಟಿಯಾಗಿ ಮಾಡುವುದಿಲ್ಲ. ಕೇಕಿಗೊಬ್ಬ, ಬ್ಯಾಂಡಿಗೊಬ್ಬ, ಕಿರೀಟಕ್ಕೊಬ್ಬಳು, ಕೊನೆಯ ಬೊಂಬೆಗೊಬ್ಬಳು ಎಂದು ಬಂಧುಬಳಗವೆಲ್ಲ ಒಂದೊಂದನ್ನು ಹೊರುತ್ತಾರೆ. ಹಾಗೆ ಹೊತ್ತವರಿಗೆ ಪಾದ್ರೀನೊ ಎಂದು ಹೆಸರು, ಆಮೇಲೆ ಸಾಯುವ ತನಕ ನಂಟು. ಅವರನ್ನು ಬರಿಗೈಯಲ್ಲಿ ಹೋಗಿ ಕೇಳುವಂತಿಲ್ಲ. ಬುಟ್ಟಿಯ ತುಂಬ ಸಿಹಿ ಬ್ರೆಡ್ಡು ಇಟ್ಟು, ಕಸೂತಿಯ ಬಟ್ಟೆ ಮುಚ್ಚಿ, ಅವರ ಮನೆಗೇ ಹೋಗಿ ಕೇಳಬೇಕು. ಬ್ರೆಡ್ಡು ಒಳಗೆ ಹೋಯಿತೋ, ಮಾತು ಮುಗಿಯಿತು. ಆದರೆ ಸ್ವಂತ ಮನೆಯವರಿಗೆ ಯಾರು ಬುಟ್ಟಿ ತರುತ್ತಾರೆ? ಇಮೆಲ್ದಾ ತನ್ನನ್ನು ಒಂದು ಮಾತು ಕೇಳುತ್ತಾಳೆಂದು ತೇಯೊ ಕಾದ. ಅಪ್ಪ ತಾನಾಗಿ ಹೇಳಲಿ, ಈ ವಯಸ್ಸಿನಲ್ಲಿ ಅವನ ಮೇಲೆ ಹೊರೆ ಹಾಕುವುದು ಬೇಡ ಎಂದು ಇಮೆಲ್ದಾ ಸುಮ್ಮನಿದ್ದಳು.

ಕೇಕಿಗೆಂದು ಅವರು ಕೇಳಲು ಹೊರಟದ್ದು ವಿಲ್ಫ್ರೀದೊ ಎಂಬವನನ್ನು. ಇಮೆಲ್ದಾ ಕೆಲಸ ಮಾಡುವ ಕೋಳಿ ಅಂಗಡಿಯ ಯಜಮಾನ. ಬುಟ್ಟಿಯನ್ನೂ ಮಗಳನ್ನೂ ಕೂರಿಸಿಕೊಂಡು ಹೋದದ್ದು ತೇಯೊನ ವೋಚೋವೇ. ದಾರಿಯುದ್ದಕ್ಕೂ ಬಿಸಿ ಬ್ರೆಡ್ಡಿನ ಘಮ. ಮನೆಯ ಮುಂದೆ ಒಂದು ಹೊಸ ಎಸ್‌ಯುವಿ ನಿಂತಿತ್ತು. ಬಿಳಿ, ಹೊಳಪು, ಅದರ ಚಕ್ರವೇ ತೇಯೊನ ಸೊಂಟದವರೆಗೆ ಬರುತ್ತಿತ್ತು. ವಿಲ್ಫ್ರೀದೊ ಬುಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೆಂಡತಿಗೆ ಕೊಟ್ಟ, ಅವಳು ಒಳಗಿಟ್ಟು ಬಂದಳು.

"ಕೇಕೇನ್ ಬಿಡಮ್ಮ, ಯಾರಾದ್ರೂ ಕೊಡಿಸ್ತಾರೆ," ಎಂದ ವಿಲ್ಫ್ರೀದೊ. "ಮಗು ಚರ್ಚಿಗೆ ಹೋಗೋದು ಯಾವುದ್ರಲ್ಲಿ? ನನ್ ಗಾಡಿ ಇದೆ. ನಾನೇ ಡ್ರೈವರು. ಗಾಡಿಗೆ ನಾನೇ ಪಾದ್ರೀನೊ. ಏನಂತೀರಿ ದೋನ್ ತೇಯೊ?"

ತೇಯೊ ಬಾಗಿಲಲ್ಲೇ ನಿಂತಿದ್ದ. ಬ್ರೆಡ್ಡು ಆಗಲೇ ಒಳಗೆ ಹೋಗಿಯಾಗಿತ್ತು. ಇಮೆಲ್ದಾ ಅಪ್ಪನ ಮುಖ ನೋಡಿದಳು. ಅಪ್ಪ ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ಒಳ್ಳೇದು," ಎಂದ.

ಮನೆಗೆ ಬಂದಾಗ ಚೋನಾ ಜಾಡಿಸಿದಳು. "ಬಾಯಲ್ಲೇನ್ ಅವರೇಕಾಳ್ ತುಂಬ್ಕೊಂಡಿದ್ದಾ? ಹದಿನೈದು ವರ್ಷದಿಂದ ಊರೋರ್ ಕಿವಿಗೆಲ್ಲಾ ಊದಿದ್ದೀಯ, ಮಗಳ್ ಕಿವಿಗೊಂದ್ ಸಲ ಊದಕ್ಕಾಗ್ಲಿಲ್ವಾ?"

"ಅವ್ಳು ಕೇಳ್ಬೇಕಿತ್ತು."

"ನಿಂಗೂ ಬುಟ್ಟಿ ತರ್ಬೇಕಿತ್ತಾ? ಸರಿ, ಕೂತ್ಕೋ ಈಗ. ನಿನ್ ಗಾಡಿ, ನಿನ್ ಬಣ್ಣ, ನೀನು."

ವಿಲ್ಫ್ರೀದೊ ಕೆಟ್ಟವನಾಗಿದ್ದರೆ ತೇಯೊಗೆ ಎಷ್ಟೋ ಸಮಾಧಾನವಿರುತ್ತಿತ್ತು. ಅವನು ಅಪ್ಪಟ ಒಳ್ಳೆಯವನು. ಮುಂದಿನ ವಾರ ಸ್ಟ್ಯಾಂಡಿಗೇ ಬಂದು, "ಹತ್ತಿ ದೋನ್ ತೇಯೊ, ದಾರಿ ತೋರಿಸಿ. ಆ ಮೇಲಿನ ಓಣಿಗಳು ನನಗೆ ಗೊತ್ತಿಲ್ಲ," ಎಂದ. ತೇಯೊ ತಪ್ಪು ಹುಡುಕಲೆಂದೇ ಹತ್ತಿದ. ಹತ್ತಲು ಕಾಲಿಡುವ ಮೆಟ್ಟಿಲೇ ಇತ್ತು. ಕೂತೊಡನೆ ಅಭ್ಯಾಸಬಲದಿಂದ ಕೈ ಹಗ್ಗಕ್ಕಾಗಿ ತಡಕಾಡಿತು; ಬಾಗಿಲು ತಾನೇ ಮೆತ್ತಗೆ ಮುಚ್ಚಿಕೊಂಡಿತು. ಬೆಲ್ಟು ಹಾಕದಿದ್ದಕ್ಕೆ ಗಾಡಿ ಕುಂಯ್‌ಗುಟ್ಟಿ ಬೈದಿತು.

"ಇದೇನಪ್ಪಾ, ಹೆಂಡ್ತಿ ಥರ," ಎಂದ ತೇಯೊ.

"ಇದು ಸ್ವಲ್ಪ ಹೊತ್ತಾದ್ಮೇಲೆ ಸುಮ್ನಾಗತ್ತೆ," ಎಂದು ವಿಲ್ಫ್ರೀದೊ ನಕ್ಕ.

ಗಾಡಿ ಹೊರಟಿತು. ಅದು ಹೊರಟದ್ದೇ ತಿಳಿಯಲಿಲ್ಲ. ವೋಚೋದಲ್ಲಿ ಎರಡನೇ ಗೇರಿನಲ್ಲಿ ಮೈಯೆಲ್ಲ ಕಿವಿಯಾಗಿ, ಈಗ ಇಳಿಸಲೋ ಆಮೇಲೆ ಇಳಿಸಲೋ ಎಂದು ಎಂಜಿನ್ನಿನ ಜೊತೆ ಮಾತಾಡಿಕೊಂಡು ಹತ್ತಬೇಕಾದ ಏರನ್ನು ಈ ಗಾಡಿ ಯಾರನ್ನೂ ಕೇಳದೆ ಹತ್ತಿತು. ಮುಖಕ್ಕೆ ತಣ್ಣನೆಯ ಗಾಳಿ. ಪೆಟ್ರೋಲಿನ ವಾಸನೆ ಇಲ್ಲ. ಬೆನ್ನಿಗೆ ಸ್ಪ್ರಿಂಗು ಚುಚ್ಚುವುದಿಲ್ಲ. ಹಿಂದೆ ಏನಿದೆಯೆಂದು ಮುಂದಿನ ಪರದೆಯಲ್ಲೇ ಕಾಣುತ್ತದೆ. ವೋಚೋದಲ್ಲಿ ಕೂತರೆ ಸಂತೆಯವರ ಮೊಣಕಾಲು ಕಾಣುತ್ತದೆ, ಮಾತು ಕೇಳುತ್ತದೆ. ಇಲ್ಲಿಂದ ನೋಡಿದರೆ ಅವರ ನೆತ್ತಿ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅದೊಂದು ತಪ್ಪು ಸಿಕ್ಕಿತು ಎಂದುಕೊಂಡ. ಆದರೆ ರಾಣಿಯಾಗಿ ಹೋಗುವವಳಿಗೆ ಎತ್ತರದಲ್ಲಿ ಕೂರುವುದೇ ಚೆಂದವಲ್ಲವೇ? ತನ್ನ ಮೊಮ್ಮಗಳಿಗೆ ಇದೇ ಒಳ್ಳೆಯ ಗಾಡಿ ಎಂಬುದು ತೇಯೊಗೆ ಆ ಕ್ಷಣ ಗೊತ್ತಾಯಿತು. ಅದನ್ನೇ ಅವನು ಸಹಿಸದಾದ.

ಶಿಲುಬೆ ತಿರುವಿನ ಕೆಳಗೆ ವಿಲ್ಫ್ರೀದೊ ನಿಲ್ಲಿಸಿದ. ಮೇಲೆ ಓಣಿ ಎರಡು ಗೋಡೆಗಳ ನಡುವೆ ಮೊಣಕೈಯಂತೆ ಮಡಿಚಿಕೊಂಡು ತೇಯೊನ ಮನೆಯತ್ತ ಏರುತ್ತಿತ್ತು. ಅಂಗಡಿಗೆ ಕೋಳಿ ಲಾರಿ ಬರುವ ಹೊತ್ತಾಗಿತ್ತು, ವಿಲ್ಫ್ರೀದೊಗೆ ಅವಸರ.

"ಇಲ್ಲಿಂದ ಮೇಲಕ್ಕೆ ತಿರುಗುತ್ತಾ ದೋನ್ ತೇಯೊ? ನಿಮಗಿಂತ ಯಾರಿಗೆ ಗೊತ್ತು."

ತೇಯೊ ಗೋಡೆಗಳನ್ನು ನೋಡಿದ. ಗಾಡಿಯ ಉದ್ದನೆಯ ಮೂಗನ್ನು ನೋಡಿದ. ಮುಂದೆ ಮಾಡಿ, ಹಿಂದೆ ಮಾಡಿ, ತಿಪ್ಪರಲಾಗ ಹಾಕಿದರೂ ಇದು ತಿರುಗುವ ಮಾತಲ್ಲ.

"ಹೋಗುತ್ತೆ," ಎಂದ. "ಯಾಕ್ ಹೋಗಲ್ಲ?"

ಆ ಮಾತು ಅವನ ಬಾಯಿಂದ ಬಂದದ್ದು ಹೇಗೆಂದು ಅವನಿಗೇ ಅಚ್ಚರಿ. ತಿದ್ದಿಕೊಳ್ಳಲು ಒಂದಿಡೀ ತಿಂಗಳಿತ್ತು. ತಿದ್ದಿಕೊಳ್ಳಲಿಲ್ಲ. ದೊಡ್ಡ ಗಾಡಿ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಎಲ್ಲರೂ ಕೈಕೈ ಹಿಸುಕಿಕೊಳ್ಳುತ್ತಾರೆ, ಆಗ ಯಾರೋ ಒಬ್ಬರು ತೇಯೊ ಎಂದು ಕೂಗುತ್ತಾರೆ. ದಿನವೂ ಏರು ಹತ್ತುವಾಗ ಇದೇ ಸಿನಿಮಾ ಅವನ ಕಣ್ಣ ಮುಂದೆ ಓಡುತ್ತಿತ್ತು. ಒಂದು ನೀಲಿ ರಿಬ್ಬನ್ನು ಕೊಂಡು, ದೊಡ್ಡ ಹೂವು ಕಟ್ಟಿಸಿ, ಮುಂದಿನ ಡಿಕ್ಕಿಯಲ್ಲಿ ಬಚ್ಚಿಟ್ಟ.

ಹಬ್ಬದ ಹಿಂದಿನ ದಿನ ಮಳೆ ಹೊಡೆಯಿತು. ಬೆಳಗ್ಗೆ ಓಣಿಯ ತುಂಬ ಕೆಸರು, ಮೇಲಿನ ಮನೆಗಳ ಚರಂಡಿ ನೀರು ಬೇರೆ ಕೂಡಿಕೊಂಡಿತ್ತು. ಮನೆಯೊಳಗೆ ಯಾರೆತ್ಸಿಯನ್ನು ನಡುವೆ ನಿಲ್ಲಿಸಿ ಹೆಂಗಸರು ಬೆನ್ನ ಲಾಡಿ ಬಿಗಿಯುತ್ತಿದ್ದರು. ಲಂಗದೊಳಗೆ ಉಕ್ಕಿನ ತಂತಿಯ ಬಳೆಗಳಿದ್ದವು. ಹುಡುಗಿ ಒಂದು ಸುತ್ತು ತಿರುಗಿದರೆ ಕುರ್ಚಿ ಉರುಳುತ್ತಿತ್ತು. ತೇಯೊ ಬಾಗಿಲಲ್ಲಿ ನಿಂತು ಬಣ್ಣವನ್ನು ನೋಡಿದ. ತನ್ನ ಕಾರಿನದೇ ಬಣ್ಣ. ಅವನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಕೆಳಗಿನಿಂದ ಕುಂಯ್ ಕುಂಯ್ ಸದ್ದು, ಆಮೇಲೆ ಗೋಡೆಗೆ ತಗಡು ಉಜ್ಜಿದ ಸದ್ದು, ಯಾರೋ "ಸಾಕು ಸಾಕು!" ಎಂದದ್ದು. ತುಸು ಹೊತ್ತಿಗೆ ವಿಲ್ಫ್ರೀದೊ ಸೂಟು ಹಾಕಿಕೊಂಡು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ ಏದುಸಿರು ಬಿಡುತ್ತ ಏರಿ ಬಂದ.

"ತಿರುಗ್ತಿಲ್ಲ ದೋನ್ ತೇಯೊ," ಎಂದ. "ಹೋಗುತ್ತೆ ಅಂದಿದ್ರಲ್ಲ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನಿಂದಲೇ ಏನೋ ತಪ್ಪಾಯಿತೇನೋ ಎಂಬ ಅಳುಕಿತ್ತು. ತೇಯೊಗೆ ಅದನ್ನು ಕೇಳಲಾಗಲಿಲ್ಲ.

"ಪೂಜೆ ಶುರುವಾಗೋ ಹೊತ್ತಾಯ್ತು," ಎಂದಳು ಇಮೆಲ್ದಾ. "ನಮ್ಮದಾದ್ಮೇಲೆ ಇನ್ನೊಂದು ಹುಡುಗಿದಿದೆ. ಪಾದ್ರಿ ಕಾಯಲ್ಲ."

"ಅದಕ್ಕೇನಂತೆ, ದೋನ್ ತೇಯೊ ವೋಚೋ ಇದ್ಯಲ್ಲ!" ಎಂದ ವಿಲ್ಫ್ರೀದೊ. "ತಿರುವಿನವರೆಗೆ ಅದ್ರಲ್ಲಿ ಬರ್ಲಿ. ತನ್ನಿ, ತನ್ನಿ ಬೇಗ!"

ತೇಯೊ ಓಡಿದ. ಆ ವಯಸ್ಸಿನವನು ಕೆಸರಿನಲ್ಲಿ ಹಾಗೆ ಓಡಬಾರದು. ಕಾರು ಒಂದೇ ಸಲಕ್ಕೆ ಶುರುವಾಯಿತು. ಬಾಗಿಲ ಮುಂದೆ ತಂದು ನಿಲ್ಲಿಸಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಕಾರು ತೊಳೆದು ಥಳಥಳ ಎನ್ನುತ್ತಿತ್ತು. ಹಿಂದಿನ ಸೀಟಿಗೆ ಚೋನಾಳ ಹೊಸ ಮೇಜುಬಟ್ಟೆ ಹಾಸಿತ್ತು. ಮೂತಿಯ ಮೇಲೆ ನೀಲಿ ರಿಬ್ಬನ್ನಿನ ಹೂವು.

ಇಮೆಲ್ದಾ ಆ ಹೂವನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅಂಥ ಹೂವು ಒಂದು ಗಳಿಗೆಯಲ್ಲಿ ಕಟ್ಟುವಂಥದ್ದಲ್ಲ.

"ಅಪ್ಪಾ," ಎಂದಳು. ಅಷ್ಟೇ. ತೇಯೊಗೆ ನೆಲ ಬಿರಿದು ತನ್ನನ್ನು ಒಳಗೆಳೆದುಕೊಳ್ಳಬಾರದೇ ಎನಿಸಿತು. ಆದರೂ ಒಳಗೆಲ್ಲೋ ಒಂದು ನಾಚಿಕೆಗೆಟ್ಟ ಸಂತೋಷ ಕುಣಿಯುತ್ತಲೇ ಇತ್ತು. ಅವನು ಬಾಗಿಲು ತೆರೆದು ಹಗ್ಗವನ್ನು ಕೈಯಲ್ಲಿ ಹಿಡಿದು ನಿಂತ.

"ಬಾ ರಾಣಿ. ನಿನ್ ಜಾಗ."

ಯಾರೆತ್ಸಿ ನಕ್ಕಳು. ಬಂದಳು. ತಲೆ ಒಳಗೆ ಹೋಯಿತು, ಒಂದು ಕಾಲು ಹೋಯಿತು. ಲಂಗ ಹೋಗಲಿಲ್ಲ. ತಂತಿಯ ಬಳೆಯನ್ನು ಎಡದಿಂದ ಒತ್ತಿದರೆ ಬಲಕ್ಕೆ ಉಬ್ಬಿತು. ಎರಡೂ ಕಡೆಯಿಂದ ಒತ್ತಿದರೆ ಮುಂದಿನಿಂದ ಎದ್ದು ಹುಡುಗಿಯ ಮುಖಕ್ಕೇ ಬಡಿಯಿತು. ಹೆಂಗಸರು ಹಿಂದಿನಿಂದ ತಳ್ಳಿದರು. ವಿಲ್ಫ್ರೀದೊ ಆ ಕಡೆಯ ಬಾಗಿಲಿನಿಂದ ಎಳೆದ. ಎರಡೇ ಬಾಗಿಲಿನ ಪುಟ್ಟ ಕಾರು. ಪಕ್ಕದ ಸೀಟು ಕಿತ್ತಿದ್ದೂ ಸಾಲಲಿಲ್ಲ. ಎಲ್ಲೋ ಲೇಸು ಪರ್ರೆಂದಿತು.

"ಇನ್ನೊಂಚೂರು ಬಗ್ಗು ಮಗಾ, ಹೋಗುತ್ತೆ, ಹೋಗುತ್ತೆ," ಎಂದ ತೇಯೊ.

"ತಾತಾ, ಬೇಡ." ಹುಡುಗಿಯ ಕಣ್ಣ ಕಪ್ಪು ಕೆನ್ನೆಗಿಳಿದಿತ್ತು. "ಬೇಡ ತಾತಾ. ಬಿಡು."

ತೇಯೊ ಕೈ ಬಿಟ್ಟ.

ಲಾಡಿ ಬಿಚ್ಚಿ, ತಂತಿ ತೆಗೆದು, ಮತ್ತೆ ಕಟ್ಟುವಷ್ಟು ಹೊತ್ತಿರಲಿಲ್ಲ. ಯಾರೆತ್ಸಿ ನಡೆದೇ ಇಳಿದಳು. ಮುಂದೆ ವಿಲ್ಫ್ರೀದೊ ರಟ್ಟಿನ ಪೆಟ್ಟಿಗೆಗಳನ್ನು ಹರಿದು ಕೆಸರಿನ ಮೇಲೆ ಹಾಸುತ್ತ ಹೋದ. ಚೋನಾ, ಇಮೆಲ್ದಾ ಮತ್ತು ನೆರೆಯ ಹೆಂಗಸರು ಲಂಗದ ಅಂಚನ್ನು ಸುತ್ತಲಿಂದ ಎತ್ತಿ ಹಿಡಿದಿದ್ದರು. ರಟ್ಟು ನೆನೆದು ಜಾರಿತು. ಹುಡುಗಿ ಒಮ್ಮೆ ಮೊಣಕಾಲೂರಿದಳು. ಎದ್ದಾಗ ನವಿಲುನೀಲಿಯ ಮುಂಭಾಗದಲ್ಲಿ ಚರಂಡಿಯ ಬಣ್ಣ ಮೆತ್ತಿಕೊಂಡಿತ್ತು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿಕೊಂಡರು. ಮೇಲೆ ನಿಂತು ತೇಯೊ ಎಲ್ಲವನ್ನೂ ನೋಡಿದ. ಒಂದು ನಿಜ ಹೇಳಿದ್ದರೆ ನಿನ್ನೆಯೇ ಮಗುವನ್ನು ಕೆಳಗಿನ ನೆಂಟರ ಮನೆಯಲ್ಲಿ ಮಲಗಿಸುತ್ತಿದ್ದರು. ಅಲ್ಲಿಂದಲೇ ಆ ಬಿಳಿ ಗಾಡಿಯಲ್ಲಿ ಕಾಲಿಗೆ ಮಣ್ಣು ತಾಗದಂತೆ ಹೋಗುತ್ತಿದ್ದಳು. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಮೆಲ್ದಾ ತಿರುವಿನಿಂದ ಮತ್ತೆ ಏರಿ ಬಂದಳು. ಒಳಗೆ ಹೋಗಿ, ಕೈಯಲ್ಲಿ ಬೊಂಬೆ ಹಿಡಿದು ಹೊರಬಂದಳು. ಹುಡುಗಿ ತನ್ನ ಬಾಲ್ಯವನ್ನು ಬಿಟ್ಟುಕೊಡುವುದಕ್ಕೆಂದು ಹಬ್ಬದಲ್ಲಿ ಕೊಡುವ ಕೊನೆಯ ಬೊಂಬೆ. ಯಾರೆತ್ಸಿಯದೇ ಉಡುಪು, ಅದೇ ನವಿಲುನೀಲಿ, ಅಂಗೈಯಷ್ಟಗಲದ ಲಂಗ, ತಲೆಗೆ ಪುಟ್ಟ ಕಿರೀಟ.

"ಆ ಗಾಡಿ ತುಂಬಾ ಅವಳ ಲಂಗಾನೇ ಆಗಿದೆ," ಎಂದಳು ಅಪ್ಪನ ಮುಖ ನೋಡದೆ. "ಇದನ್ನ ನೀನು ತಗೊಂಡ್ ಬಾ. ಕಿರೀಟ ಬಿದ್ದೋಗತ್ತೆ, ನಿಧಾನ."

ಬೊಂಬೆಯನ್ನು ಹಿಂದಿನ ಸೀಟಿನ ನಡುವೆ ಕೂರಿಸಿ ಓಡುತ್ತ ಇಳಿದುಹೋದಳು. ಬೊಂಬೆ ಸಲೀಸಾಗಿ ಕೂತಿತು. ತೇಯೊ ಕಲ್ಲು ತೆಗೆದ, ಹಗ್ಗ ಎಳೆದ, ಹೊರಟ. ಶಿಲುಬೆ ತಿರುವಿನ ಗೋಡೆಯ ಮೇಲೆ ಉದ್ದಕ್ಕೆ ಬಿಳಿ ಗೀರು. ದೊಡ್ಡ ಗಾಡಿ ಹಿಮ್ಮುಖವಾಗಿ ಇಳಿದು ಆಗಲೇ ಹೋಗಿತ್ತು. ವೋಚೋ ಆ ತಿರುವನ್ನು ಯಾವತ್ತಿನಂತೆ ಒಂದೇ ಬೀಸಿಗೆ ತಿರುಗಿತು. ನೋಡಲು ಅಲ್ಲಿ ಯಾರೂ ಇರಲಿಲ್ಲ.

"ಹೆದ್ರಬೇಡ," ಎಂದ ತೇಯೊ ಕನ್ನಡಿಯಲ್ಲಿ ಬೊಂಬೆಯನ್ನು ನೋಡುತ್ತ. ಯಾಕೆ ಹಾಗಂದನೋ. ಆಮೇಲೆ ದಾರಿಯುದ್ದಕ್ಕೂ ಅತ್ತ.

ಚೌಕದಲ್ಲಿ ಚರ್ಚಿನ ಮುಂದೆ ಬಿಳಿ ಗಾಡಿ ಎರಡು ಗಾಡಿಗಳ ಜಾಗದಲ್ಲಿ ನಿಂತಿತ್ತು. ಉಳಿದ ಜಾಗ ನೆಂಟರ ಕಾರುಗಳಿಂದ ತುಂಬಿತ್ತು. ಬೊಂಬೆಯ ಖರ್ಚು ಹೊತ್ತಿದ್ದ ಅತ್ತೆಯೊಬ್ಬಳು ಓಡಿಬಂದು ಕಿಟಕಿಯಿಂದಲೇ ಬೊಂಬೆಯನ್ನು ಎತ್ತಿಕೊಂಡಳು. "ಎಲ್ಲಾದ್ರೂ ನಿಲ್ಸಿ ಬನ್ನಿ ದೋನ್ ತೇಯೊ, ಶುರುವಾಯ್ತು," ಎಂದು ಒಳಗೆ ನುಗ್ಗಿದಳು. ಹಿಂದಿನಿಂದ ಬಸ್ಸಿನವನು ಹಾರ್ನು ಬಾರಿಸಿದ. ತೇಯೊ ಚೌಕವನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಚರ್ಚಿನೊಳಗಿನಿಂದ ಹಾಡು ಕೇಳುತ್ತಿತ್ತು. ಒಂದು ಮೂಲೆಯಲ್ಲಿ ಜಾಗ ಕಂಡಿತು. ಅವನು ನಿಲ್ಲಿಸಲಿಲ್ಲ. ಒಳಗೆ ಹೋಗಿ ಆ ಕೆಸರಿನ ಅಂಚನ್ನು ಹೇಗೆ ನೋಡುವುದು?

ಸಂತೆಯ ಬಳಿ ಒಬ್ಬ ಹೆಂಗಸು ಎರಡು ಚೀಲ ಹಿಡಿದು ಕೈಯೆತ್ತಿದಳು. ಆ ಓಣಿಯವಳಲ್ಲ, ಗುಡ್ಡದ ತುದಿಗೆ ಹೊಸದಾಗಿ ಬಂದವಳಿರಬೇಕು. ಮೂತಿಯ ಮೇಲಿನ ರಿಬ್ಬನ್ನನ್ನು ನೋಡಿ ಅನುಮಾನಿಸಿದಳು.

"ಖಾಲಿ ಇದ್ಯಾ?"

ತೇಯೊ ಕನ್ನಡಿ ನೋಡಿದ.

"ಖಾಲಿ," ಎಂದ.

ಅವಳು ಹತ್ತಿದಳು. ಮೇಜುಬಟ್ಟೆಯ ಮೇಲೆ ಚೀಲಗಳನ್ನು ಕುಕ್ಕಿ ಕೂತಳು. ತೇಯೊ ಹಗ್ಗ ಎಳೆದ. ಕಾರು ಶಿಲುಬೆ ತಿರುವಿಗೆ ಬಂತು. ಅಲ್ಲಿ ಕೆಸರಿನಲ್ಲಿ ರಟ್ಟುಗಳು ಇನ್ನೂ ಬಿದ್ದಿದ್ದವು, ಅವುಗಳ ಮೇಲೆ ಪುಟ್ಟ ಹಿಮ್ಮಡಿಯ ತೂತುಗಳು.

"ಸಂತೇಲಿ ಹೇಳ್ತಿದ್ರು," ಎಂದಳು ಹೆಂಗಸು ಹಿಂದಿನಿಂದ. "ಯಾವ್ದೋ ಹದಿನೈದರ ಹುಡುಗಿ ಹಬ್ಬದ್ ಬಟ್ಟೇಲೇ ಇಲ್ಲಿ ಕೆಸರಲ್ಲಿ ನಡ್ಕೊಂಡ್ ಇಳಿದ್ಳಂತೆ. ಬಿದ್ಳಂತೆ ಬೇರೆ. ಪಾಪ. ಅವ್ರ ಮನೇಲಿ ಒಂದು ಗಾಡೀನೂ ಇರ್ಲಿಲ್ವಾ?"

ತೇಯೊ ಗೇರು ಇಳಿಸಿದ. ಕಾರು ಪಟಪಟ ಎನ್ನುತ್ತ ಒಂದೇ ಬೀಸಿಗೆ ತಿರುಗಿತು.

"ಇರ್ಲಿಲ್ಲ ಅನ್ಸತ್ತೆ ಕಣಮ್ಮ," ಎಂದ.